ಕುಮಟೆಗೆ ಒಂದು ಫುಲ್ ಟಿಕೇಟು

"ಆ ಸೀಟು ಬ್ಯಾಡ್ರಿ ಮೇಷ್ಟ್ರೇ. ಅದರಾಗ ಕುಂತೈತೆ."

ಕಂಡಕ್ಟರ್ ಲಾಲ್ ಸಾಬ್ ದನಿ ತಗ್ಗಿಸಿ ಹೇಳಿದ. ವಾಮದೇವ ಬಗ್ಗಿ ನೋಡಿದ. ಕಿಟಕಿ ಪಕ್ಕದಲ್ಲಿ ಮನುಷ್ಯರಾರೂ ಇರಲಿಲ್ಲ. ತೆಂಗಿನಕಾಯಿ ಗಾತ್ರದ ಒಂದು ಕೆಂಪು ಗಂಟು, ಅದರ ಕೊರಳಿಗೆ ಬಿಗಿದ ಕರಿದಾರ, ದಾರಕ್ಕೆ ಸಿಕ್ಕಿಸಿದ ಟಿಕೇಟು. ದಾವಣಗೆರೆಯಿಂದ ಕುಮಟೆಗೆ, ಫುಲ್.

"ಹಾಫ್ ಟಿಕೇಟು ಸಾಕಿತ್ತಲ್ಲಪ್ಪ, ಇನ್ನೂ ಚಿಕ್ಕದಿದೆ!" ಎಂದು ವಾಮದೇವ ನಕ್ಕ.

ಬಸ್ಸಿನಲ್ಲಿ ಬೇರೆ ಯಾರೂ ನಗಲಿಲ್ಲ. ಹಿಂದಿನ ಸೀಟಿನಿಂದ ಹದಡಿಯ ಕರಿಯವ್ವ ಎದ್ದು ಕೈ ಮುಗಿದಳು.

"ನನ್ನ ಮಗಳಿಗೆ ಯಾರೋ ಬಾಯಿ ಕಟ್ಟಿಸಿದ್ರು ಯಪ್ಪಾ. ಹನ್ನೊಂದು ತಿಂಗಳಾತು, ಕೂಸು ಒಂದು ಮಾತಾಡಿಲ್ಲ. ಅದನ್ನ ಇಳಿಸಿ ಇದರಾಗ ಕಟ್ಟೈತೆ. ಉಪ್ಪುನೀರು ಮುಟ್ಟಿದ್ರೆ ಹೋಗ್ತೈತಂತೆ. ಅಲ್ಲೀತನಕ ಅದರ ಜಾಗದಾಗ ಯಾರೂ ಕೂಡಬಾರದು. ನಾನೂ ಮುಟ್ಟಂಗಿಲ್ಲ, ಹೆತ್ತಾಕಿ ಮುಟ್ಟಿದ್ರೆ ಮನೀಗೇ ತಿರುಗಿ ಬರ್ತೈತೆ."

ತಿಪಟೂರಿನಿಂದ ವರ್ಗವಾಗಿ ಬಂದ ವಿಜ್ಞಾನದ ಮೇಷ್ಟ್ರು ವಾಮದೇವ. ದಾವಣಗೆರೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇದೇ ಸೀಮೆಯ ಹೆಣ್ಣು ಅನ್ನಪೂರ್ಣಳನ್ನು ಮದುವೆಯಾಗಿದ್ದ. ಅವಳು ಸಮುದ್ರವನ್ನೇ ಕಂಡಿರಲಿಲ್ಲ. ಎಪ್ಪತ್ತೇಳರ ಜುಲೈ ತಿಂಗಳ ಆ ಶನಿವಾರ ರಜೆ ಹಾಕಿ ಅವಳನ್ನು ಕರೆದುಕೊಂಡು ಹೊರಟಿದ್ದ.

"ನಾನು ನಿಂತ್ಕಂತೀನ್ರಿ. ಹಾವೇರಿಗೆ ಸೀಟು ಸಿಗ್ತೈತೆ" ಎಂದಳು ಅನ್ನಪೂರ್ಣ.

"ಬಸ್ಸು ಹತ್ತಿದರೆ ನಿನಗೆ ವಾಂತಿ. ಕಿಟಕಿ ಬೇಕೇ ಬೇಕು. ಕೂತ್ಕೋ."

ವಾಮದೇವ ಎರಡು ಬೆರಳಲ್ಲಿ ಗಂಟನ್ನೆತ್ತಿ ಸೀಟಿನ ಕೆಳಗೆ ತಳ್ಳಿದ. ಕಪ್ಪೆಯನ್ನು ಮುಟ್ಟಿದ ಹಾಗೆ ಬೆರಳು ತಣ್ಣಗಾಯಿತು. ಪ್ಯಾಂಟಿಗೆ ಒರೆಸಿಕೊಂಡ. ಕರಿಯವ್ವ ಸೆರಗು ಬಾಯಿಗೊತ್ತಿಕೊಂಡು ಕುಸಿದು ಕೂತಳು.

"ಟಿಕೇಟು ಕುಮಟೆ ತನಕ ಐತೆ ಸಾರ್," ಲಾಲ್ ಸಾಬ್ ಅವನ ಮುಖ ನೋಡದೆ ಹೇಳಿದ, "ಅದು ನಡುವೆ ಇಳಿಯಂಗಿಲ್ಲ."

ಹರಿಹರದಲ್ಲಿ ಅನ್ನಪೂರ್ಣಳ ತಂದೆ ಜಿಟಿಜಿಟಿ ಮಳೆಯಲ್ಲಿ ಕೋಲೂರಿ ನಿಂತಿದ್ದರು. ಎರಡೂ ಕಣ್ಣಿಲ್ಲದ ಮುದುಕರು. ಪ್ರತಿ ಸೋಮವಾರ ಸಂಜೆ ಮಗಳು ಬಂದು ಷಟ್ಪದಿ ಓದುವಳು. ಉಳಿದ ಆರು ದಿನ ಅವರು ಆ ದನಿಯನ್ನೇ ಮೆಲುಕು ಹಾಕುತ್ತ ಬದುಕುತ್ತಿದ್ದರು.

"ಸೋಮವಾರ ಬರ್ತೀಯಲ್ಲ ಕೂಸೇ? ಪದ್ಯ ಅರ್ಧಕ್ಕೇ ನಿಂತೈತೆ."

"ಬರ್ತೀನಪ್ಪ. ಅಲ್ಲಿಂದಾನೇ ಓದ್ತೀನಿ."

ಬಸ್ಸು ಹೊಳೆಯ ಸೇತುವೆ ಹತ್ತಿತು. ಅನ್ನಪೂರ್ಣ ಗುಡಿಯ ಕಡೆಗೆ ಕೈ ಮುಗಿದು, ಎಂದಿನಂತೆ ಒಂದು ಸ್ತುತಿಗೆ ಬಾಯಿ ತೆರೆದಳು. ದನಿ ಬರಲಿಲ್ಲ. ಕೆಮ್ಮಿದಳು. ನೀರು ಕುಡಿದಳು. ಮತ್ತೆ ತೆರೆದಳು. ಗಂಟಲಲ್ಲಿ ಏನೋ ಅಡ್ಡ ಕೂತಿತ್ತು.

"ಥಂಡಿ ಗಾಳಿ" ಎಂದು ವಾಮದೇವ ಕಿಟಕಿ ಇಳಿಸಿದ.

ರಾಣೇಬೆನ್ನೂರಿನಲ್ಲಿ ಚಹಾ ಬೇಕೇ ಎಂದರೆ ತಲೆಯಾಡಿಸಿದಳು. ಹಾವೇರಿಯಲ್ಲಿ ಬಸ್ಸಿನವರೆಲ್ಲ ಇಳಿದರೂ ಅವಳು ಸೀಟು ಬಿಡಲಿಲ್ಲ. ಶಿರಸಿ ದಾಟಿದ ಮೇಲೆ ಮಳೆ ಗೋಡೆಯಂತೆ ಬಿತ್ತು. ದೇವಿಮನೆ ಘಟ್ಟದಲ್ಲಿ ಮೂರು ಗಂಟೆಗೇ ಕತ್ತಲು. ಒದ್ದೆ ರೆಗ್ಜಿನ್ನು, ಡೀಸೆಲ್ಲು. ಅವುಗಳ ಒಳಗಿಂದ ಇನ್ನೊಂದು ವಾಸನೆ ಮೇಲೆದ್ದಿತು. ಕೊಳೆತ ನಿಂಬೆ. ಸುಟ್ಟ ಕೂದಲು. ಅದು ಅನ್ನಪೂರ್ಣಳ ಉಸಿರಿನಿಂದ ಬರುತ್ತಿತ್ತು.

ವಾಮದೇವ ಸೀಟಿನ ಕೆಳಗೆ ಕೈಹಾಕಿ ಗಂಟನ್ನು ಎಳೆದ. ದಾರ ಬಿಚ್ಚಿರಲಿಲ್ಲ. ಬಟ್ಟೆ ಹರಿದಿರಲಿಲ್ಲ. ಹಿಚುಕಿದರೆ ಒಳಗೆ ಏನೂ ಇರಲಿಲ್ಲ.

ಟಿಕೇಟು ಅನ್ನಪೂರ್ಣಳ ಮುಷ್ಟಿಯಲ್ಲಿತ್ತು.

ಕುಮಟೆಯಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಅವಳು ಇಳಿದಳು. ದಾರಿ ಕೇಳಲಿಲ್ಲ. ಕಾಣದ ಕಡಲಿನ ಕಡೆಗೆ ನೆಟ್ಟಗೆ ನಡೆದಳು. ವಾಮದೇವ ಕೂಗಿದ. ಅವಳು ತಿರುಗಲಿಲ್ಲ. ಓಡಿದಳು. ಅವನೂ ಓಡಿದ. ಹಿಂದೆ ಕರಿಯವ್ವ.

ಮರಳು. ಮಳೆ. ಬೂದಿ ಬಣ್ಣದ ನೀರು. ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಅವಳ ಬಾಯಿ ಅಗಲವಾಗಿ ತೆರೆಯಿತು. ಒಳಗಿಂದ ನರಳಾಟ ಕೇಳಿತು. ಅದು ಅವಳ ದನಿಯಲ್ಲ. ಯಾರ ದನಿಯೂ ಅಲ್ಲ.

ಅವಳು ಮುಳುಗಿದಳು. ಎದ್ದಳು. ಮತ್ತೆ ಮುಳುಗಿದಳು.

"ಬಿಡ್ರಿ!" ದಡದಿಂದ ಕರಿಯವ್ವ ಚೀರಿದಳು. "ಇಳಿಯಾಕ ಹತ್ತೈತೆ! ಮೂರು ಮುಳುಗು! ಇನ್ನೊಂದೇ ಐತೆ, ಬಿಡ್ರೀ!"

"ನನ್ನ ಹೆಂಡತೀನ ಕೊಲ್ತೀಯಾ ಮುದುಕಿ?"

ಅಲೆ ಬಂತು. ವಾಮದೇವ ಹಾರಿದ. ಜಡೆ ಕೈಗೆ ಸಿಕ್ಕಿತು. ಎಳೆದ. ಅವಳು ನೀರಿನ ಕಡೆಗೇ ಜಗ್ಗಿದಳು. ಬಿಡಲಿಲ್ಲ. ದಡಕ್ಕೆ ತಂದು ಕೆಡವಿದ. ಅವಳ ಬಾಯಿ ಮುಚ್ಚಿಕೊಂಡಿತು. ಬೀಗ ಬಿದ್ದ ಸದ್ದಾಯಿತು. ಮಳೆಯ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು.

ಕರಿಯವ್ವ ಮರಳಲ್ಲಿ ಕೂತುಬಿಟ್ಟಳು. "ಒಂದು ಮುಳುಗು ಉಳಿದಿತ್ತಲ್ಲೋ ಯಪ್ಪಾ. ಒಂದೇ ಒಂದು."

"ನಾಳೆ ಮತ್ತೆ ಮುಳುಗಿಸ್ತೀನಿ" ಎಂದ ವಾಮದೇವ. ಹಾಗೆಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಬೆಳಗಿನಿಂದ ನಕ್ಕು ತಳ್ಳಿದ್ದನ್ನೆಲ್ಲ ಅವನು ಆ ಒಂದು ಮಾತಿನಲ್ಲಿ ನಂಬಿದ್ದ.

ಅನ್ನಪೂರ್ಣಳ ಮುಷ್ಟಿ ಬಿಚ್ಚಿತ್ತು. ಟಿಕೇಟು ಕರಗಿ ಅಂಗೈಗೆ ಅಂಟಿತ್ತು. ಕರಿಯವ್ವ ಅದನ್ನು ನೋಡಿದಳು. "ಆ ಟಿಕೇಟು ಮುಗೀತು. ಇನ್ನದು ಇಳಿಯಲ್ಲ."

ಭಾನುವಾರ ಬೆಳಿಗ್ಗೆ ಅವನು ಹೆಂಡತಿಯನ್ನು ಮೂರಲ್ಲ, ಮೂವತ್ತು ಸಲ ಮುಳುಗಿಸಿದ. ಅವಳು ವಿಧೇಯಳಾಗಿ ಮುಳುಗಿದಳು, ಎದ್ದಳು, ಉಪ್ಪುನೀರು ಉಗುಳಿದಳು. ಅಷ್ಟೇ. ಹದಡಿಯಲ್ಲಿ ಕರಿಯವ್ವನ ಮಗಳು ಶನಿವಾರವೇ, ಬಸ್ಸು ಹರಿಹರದ ಸೇತುವೆ ದಾಟುವ ಹೊತ್ತಿಗೆ, "ಅವ್ವಾ" ಅಂದಿದ್ದಳೆಂದು ಆಮೇಲೆ ಸುದ್ದಿ ಬಂತು.

ಸೋಮವಾರ ಸಂಜೆ ಹರಿಹರದ ಮನೆಯಲ್ಲಿ ದೀಪ ಹೊತ್ತಿತ್ತು. ಅನ್ನಪೂರ್ಣ ವ್ಯಾಸಪೀಠದ ಮುಂದೆ ಕೂತು ಪುಸ್ತಕ ಬಿಡಿಸಿದಳು. ಮುದುಕರು ಬಲಗಿವಿಯನ್ನು ಅತ್ತ ವಾಲಿಸಿದರು.

"ಬಳೆ ಸದ್ದು ಕೇಳ್ತು. ಓದವ್ವ."

ಅವಳ ತುಟಿಗಳು ಪದ್ಯದ ಒಂದೊಂದು ಅಕ್ಷರವನ್ನೂ ಆಡಿದವು. ಹಾಳೆಯ ಮೇಲೆ ಕಣ್ಣೀರು ತೊಟ್ಟಿಕ್ಕಿತು.

"ಯಾಕ ಕೂಸೇ? ಸಿಟ್ಟು ಬಂದೈತೇನು ನನ್ನ ಮ್ಯಾಲೆ?"

ವಾಮದೇವ ದೀಪವನ್ನು ಹತ್ತಿರ ಸರಿಸಿದ. ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ನಿಂತಿದ್ದ ಪದ್ಯವನ್ನು ತಡವರಿಸುತ್ತ ಓದತೊಡಗಿದ. ಎರಡು ಸಾಲೂ ಮುಗಿದಿರಲಿಲ್ಲ. ಮುದುಕರ ಕೈ ತಡಕುತ್ತ ಬಂದು ಹಾಳೆಯನ್ನು ಮುಚ್ಚಿತು.

"ನೀವು ಬ್ಯಾಡ್ರಿ ಮೇಷ್ಟ್ರೇ. ಅದು ಅವಳು ಕೂಡೋ ಜಾಗ. ಸಿಟ್ಟು ಇಳಿದ ಮ್ಯಾಲೆ ಓದ್ಲಿ. ಕಾಯ್ತೀನಿ, ನನಗೇನು ಅವಸರ?"

ಕಿವಿ ವಾಲಿಸಿಕೊಂಡೇ ಅವರು ಕೂತರು.