ಬಾಣಲೆಗೆ ಬಿದ್ದ ಬಿಲ್ಲೆ

ಶಾರದ ಬೆಳಗಿನ ತಿಂಡಿಗೆ ಸಂಡಿಗೆ ಕರಿಯುತ್ತಿದ್ದಳು. ಮಹಡಿಯಿಂದ ತಂದ ತಟ್ಟೆಯ ಮೊದಲ ಬಿಲ್ಲೆ ಎಣ್ಣೆಗೆ ಬಿದ್ದಿತ್ತಷ್ಟೇ... ಬಾಗಿಲಲ್ಲಿ ಒಬ್ಬ ಗಂಡಸು ಏದುಸಿರು ಬಿಡುತ್ತ ನಿಂತ.

"ರೀ, ಅದು ಸಂಡಿಗೆ ಅಲ್ಲ... ನಮ್ಮ ಫ್ಯಾಕ್ಟರಿ ಮಾಲು."

ಬಿಲ್ಲೆ ಉಬ್ಬಲಿಲ್ಲ. ಬಾಣಲೆಯ ತಳದಲ್ಲಿ ಗಟ್ಟಿಯಾಗಿ ಕೂತಿತು.

"ಅದು ಬೇಯೋಕೆ ಸಾವಿರದ ಮುನ್ನೂರು ಡಿಗ್ರಿ ಬೇಕು. ನಿಮ್ಮ ಒಲೆ ಸಾಲಲ್ಲ."

"ನಿಮ್ಮ ಮಾಲು ನನ್ನ ಸಂಡಿಗೆ ಪಕ್ಕ ಯಾಕಿತ್ತು?"

"ಬಿಸಿಲು ಅಲ್ಲೇ ಚೆನ್ನಾಗಿತ್ತು."

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು ಪುಟ್ಟಿ ಕಿಸಕ್ಕನೆ ನಕ್ಕಳು.

ಅವನು ಪಟ್ಟಾಭಿರಾಮ. ತುಮಕೂರಿನ ಅವರ ಮನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವನು. ಹಿರೇಹಳ್ಳಿಯಲ್ಲಿ ರೇಡಿಯೋ ಕೆಪಾಸಿಟರ್‌ಗೆ ಪಿಂಗಾಣಿ ಬಿಲ್ಲೆ ಮಾಡುವ ಇಂಜಿನಿಯರ್.

ಆಮೇಲೆ ದಿನವೂ ಮೆಟ್ಟಿಲ ಮೇಲೆ ಮಾತು.

"ಬಿಲ್ಲೆ ಹಿಟ್ಟಿಗೆ ಗಾಜಿನ ಪುಡಿ ಒಂಚೂರು ಬೆರೆಸಿದ್ರೆ, ಅದು ಕರಗಿ ಕಣಗಳ ಮಧ್ಯ ಹರಿಯುತ್ತೆ. ಕಮ್ಮಿ ಶಾಖಕ್ಕೇ ಬಿಲ್ಲೆ ಗಟ್ಟಿಯಾಗುತ್ತೆ. ಜಾಸ್ತಿಯಾದ್ರೆ ಕರೆಂಟು ಹಿಡಿದಿಡೋ ಗುಣ ಹೋಗುತ್ತೆ."

"ಇಡ್ಲಿಗೆ ಸೋಡಾ ಹಾಕ್ದಂಗೆ ಅನ್ನಿ."

"ನಾನು ಎರಡು ವರ್ಷ ಓದಿದ್ದನ್ನ ನೀವು ಇಡ್ಲೀಲಿ ಮುಗಿಸ್ಬಿಟ್ರಲ್ಲ..."

ಶಾರದಳಿಗೆ ಎಷ್ಟೋ ದಿನಗಳ ಮೇಲೆ ನಗು ಬರುತ್ತಿತ್ತು. ಆದರೆ ಒಳಗೆ ಭಯ. ಅಕ್ಕ ತೀರಿಕೊಂಡ ಮೇಲೆ ಪುಟ್ಟಿ ಶಾರದಳಿಗೇ ಮಗಳಾಗಿದ್ದಳು. ಗುಬ್ಬಿಯ ವರ, ಕುಣಿಗಲ್ಲಿನ ವರ ಇಬ್ಬರೂ ಉಪ್ಪಿಟ್ಟು ತಿಂದು, "ಮಗೂನ ಹಾಸ್ಟೆಲ್ಲಿಗೆ ಹಾಕ್ಬಹುದಲ್ಲ" ಎಂದು ಕೈ ತೊಳೆದುಕೊಂಡು ಹೋಗಿದ್ದರು.

'ಇವರೂ ಹಾಗೇ ಅಂದುಬಿಟ್ಟರೆ?'

ಒಂದು ಭಾನುವಾರ ಫ್ಯಾಕ್ಟರಿ ಮಾಲೀಕ ಸೀತಾರಾಮಯ್ಯ ಪಟ್ಟಾಭಿಯನ್ನು ನೋಡಲು ಬಂದರು. ಶಾರದ ಕಾಫಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಬೀದಿಯಲ್ಲಿ ಲಾರಿಯೊಂದು ಗುಡುಗುತ್ತ ಹೋಗುತ್ತಿತ್ತು. ಅದರ ನಡುವೆ ಪಟ್ಟಾಭಿಯ ದನಿ...

"ಪುಟ್ಟಿ ಮಧ್ಯ ಸೇರಿದ್ರೆ ಗುಣ ಕೆಡುತ್ತೆ ಸಾರ್. ಬೇಡವೇ ಬೇಡ."

ಕಾಫಿ ಹಾಗೇ ಕೆಳಗಿಳಿಯಿತು.

ಮರುದಿನದಿಂದ ಅವಳ ಬಾಗಿಲು ಮುಚ್ಚಿತು. ಪುಟ್ಟಿ ಏನೋ ಕೇಳಲು ಬಾಯಿ ತೆರೆಯುವಳು, ಚಿಕ್ಕಮ್ಮನ ಕೆಂಪು ಕಣ್ಣು ನೋಡಿ ಹಿಂದೆ ಸರಿಯುವಳು.

ಕೊನೆಗೆ ಪಟ್ಟಾಭಿಯೇ ಬಾಗಿಲು ತಟ್ಟಿದ.

"ನನ್ನಿಂದ ಏನು ತಪ್ಪಾಯ್ತು ಶಾರದ ಅವರೇ?"

"ಪುಟ್ಟಿ ಸೇರಿದ್ರೆ ಗುಣ ಕೆಡುತ್ತೆ ಅಂದ್ರಲ್ಲ, ನಿಮ್ಮ ಸಾಹೇಬರ ಹತ್ರ. ನನ್ನ ಮಗು ನಿಮಗೆ ಬೇಡವಾದ್ರೆ ನಾನೂ ಬೇಡ. ಅಷ್ಟೇ."

ಪಟ್ಟಾಭಿ ಹಣೆ ಚಚ್ಚಿಕೊಂಡ.

"ಪುಡಿ ರೀ... ನಾನಂದಿದ್ದು ಪುಡಿ. ಗಾಜಿನ ಪುಡಿ ಜಾಸ್ತಿ ಹಾಕು, ಒಲೆ ಖರ್ಚು ಉಳಿಯುತ್ತೆ ಅಂತಿದ್ರು ಅವರು."

"ಪು...ಡಿ?"

"ಪುಡಿ."

ಶಾರದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಪುಟ್ಟಿ ಇಲ್ಲದ ಮನೆ ನಂಗ್ಯಾಕೆ?" ಅವನ ದನಿ ಮೆತ್ತಗಾಯಿತು. "ಇಬ್ಬರನ್ನೂ ಕೇಳೋಣ ಅಂತ್ಲೇ ಬಂದಿದ್ದು."

"ಕೇಳಿ ಮತ್ತೆ."

"ಅದು... ಶಾಖ ಅಂದ್ರೆ..."

"ಶಾಖ ಬಿಡಿ, ವಿಷಯ ಹೇಳಿ."

ಆಗ ಬಾಗಿಲ ಸಂದಿಯಿಂದ ಪುಟ್ಟಿ ಮುಂದೆ ಬಂದು ಅವನ ಬೆರಳು ಹಿಡಿದಳು.

"ಮಾಮ, ಇನ್ಮೇಲೆ ನಿಮ್ಮನ್ನ ಚಿಕ್ಕಪ್ಪ ಅನ್ಲಾ?"