ಜೀವ ಹೊಡ್ಕೊಳ್ಳಾಕತ್ತದ

ಈ ಕಥೆಯನ್ನು ಮೊದಲು ಹೇಳಿದವರು ಸುರಪುರದ ರಂಗಂಪೇಟೆಯ ಶಿವಬಸಮ್ಮ; ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಅವರ ಪಡಸಾಲೆಯಲ್ಲಿ ಬೇರೆ ಓಣಿಯ ಹೆಂಗಸರು ಶ್ಯಾವಿಗೆ ಹೊಸೆಯುತ್ತ ಕುಳಿತಿದ್ದಾಗ. ನಡೆದದ್ದು ಅವರ ಪಕ್ಕದ ಮನೆಯಲ್ಲಿ.

ಆ ಮನೆಯ ಪರಿಮಳಾ ಶಹಾಪುರದ ಶಾಲೆಯೊಂದರಲ್ಲಿ ಕ್ಲಾರ್ಕ್. ತಾಯಿ ತೀರಿಕೊಂಡ ವರ್ಷ ಅವಳನ್ನು ಎತ್ತಿ ನಿಲ್ಲಿಸಿದ್ದು ಮೊಬೈಲಿನ ವಿಡಿಯೋಗಳು. ಬೆಂಗಳೂರಿನ ಮೇಡಂ ಒಬ್ಬರು ಮನಸ್ಸಿನ ನೆಮ್ಮದಿಯ ಪಾಠ ಹೇಳುತ್ತಿದ್ದರು. ಇವಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೇಳುತ್ತಿದ್ದಳು.

ಯಾದಗಿರಿಯ ದೇವಿಂದ್ರನಿಗೆ ಅದು ಸೇರದು. ಈ ಸೀಮೆಯ ಜನ ಮನಸ್ಸಿನ ನೋವಿಗೆ ಬಳಸುವ ಮಾತುಗಳ ಮೇಲೆ ಅವನು ಪಿಎಚ್.ಡಿ. ಮಾಡುತ್ತಿದ್ದ. ಅಂಥ ಮಾತುಗಳನ್ನು ಕೇಳಿ ಬರೆದುಕೊಳ್ಳಲು, ಪರಿಮಳಾಳ ಜೊತೆಗಿದ್ದ ಸೋದರತ್ತೆ ಬಸ್ಸಮ್ಮನ ಬಳಿ ಪ್ರತಿ ಭಾನುವಾರ ಬರುತ್ತಿದ್ದ.

"ಐದ್ ನಿಮಿಷದ ವಿಡಿಯೋದಾಗ ಮನಸ್ಸಿಗಿ ಸಮಾಧಾನ ಸಿಗ್ತದೇನ್ರಿ? ಒಂದ್ ಪುಸ್ತಕ ಪೂರಾ ಓದ್ರಿ," ಎಂದು ಕೆಣಕುವನು.

"ನಿಮ್ಮ ಪುಸ್ತಕ ಓದಿದ್ರ ಸಮಾಧಾನ ಅಲ್ರಿ, ನಿದ್ದಿ ಬರ್ತದ."

ಚಹಾ ಕೊಡುವಾಗ ಅವನ ನೋಟ ಅವಳ ಬೆರಳ ಮೇಲೆ ಒಂದು ಕ್ಷಣ ನಿಂತು, ಸಿಕ್ಕಿಬಿದ್ದಂತೆ ಬೆದರಿ ಕಪ್ಪಿನೊಳಗೆ ಇಳಿಯುತ್ತಿತ್ತು. ವಾರವಿಡೀ ಅವಳಿಗೆ ಅಷ್ಟು ಸಾಕಾಗುತ್ತಿತ್ತು.

ಒಂದು ಭಾನುವಾರ ಅವನೆಂದ: "ಅತ್ತಿ, ನಿಮ್ಮೂರಿನ ಕೆಲ್ಸ ಮುಗೀತ್ರಿ. ಮುಂದಿನ ವಾರ ಬಂದು ಹೋದ್ರ, ಆಮ್ಯಾಗ ಕೊಡೇಕಲ್ ಕಡಿ ಊರಿಗಿ ಹೋಗ್ತೀನ್ರಿ."

ಪರಿಮಳಾ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಕೇಳಬೇಕಾದದ್ದನ್ನು ಕೇಳಲಾಗದೆ ವಾರ ಕಳೆಯಿತು. ಆ ಕೊನೆಯ ಭಾನುವಾರ ಬೆಳಿಗ್ಗೆ ವಿಡಿಯೋದ ಮೇಡಂ, ನಿಮ್ಮ ಭಾವನೆಯನ್ನು ಮುಚ್ಚಿಡದೆ ಕೆಳಗೆ ಬರೆಯಿರಿ ಎಂದರು. ಅವಳು ಬರೆದಳು: "ಇವತ್ತಾದ ಮ್ಯಾಲ ಅವರು ಬರಂಗಿಲ್ರಿ. ನನ್ನ ಜೀವ ಹೊಡ್ಕೊಳ್ಳಾಕತ್ತದ." ಪತ್ರ ಬರೆಯುವ ರೂಢಿಯಲ್ಲಿ ಕೆಳಗೆ ತನ್ನ ಹೆಸರು, ಓಣಿ, ಊರನ್ನೂ ಸೇರಿಸಿದಳು.

ದೇವಿಂದ್ರ ಊಟಕ್ಕೆ ಕುಳಿತಿದ್ದಾಗ ಬಾಗಿಲಿಗೆ ಪೊಲೀಸ್ ಜೀಪು ಬಂದು ನಿಂತಿತು.

ಪರಿಮಳಾ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಬ್‌ಇನ್‌ಸ್ಪೆಕ್ಟರ್ ಪ್ರವೀಣಕುಮಾರ ಮೆಲ್ಲಗೆ ಕೇಳಿದರು: "ಪರಿಮಳಾ ಅಂದ್ರೆ ನೀವೇನಮ್ಮಾ? ಹೆದರ್ಬೇಡಿ. ಜೀವ ಕಳ್ಕೊಳ್ಳೋ ಅಂಥದ್ದು ಏನಾಯ್ತು? ಬೆಂಗಳೂರಿಂದ ಒಬ್ರು ಮೇಡಂ ಅಳ್ತಾ ಫೋನ್ ಮಾಡಿದ್ರು."

"ಯವ್ವಾ!" ಎಂದು ಬಸ್ಸಮ್ಮ ಎದೆ ಹಿಡಿದು ಕುಸಿದಳು. ದೇವಿಂದ್ರ ತಾಟು ಸರಿಸಿ ಎದ್ದ. "ಏನ್ರಿ ಇದು, ಪರಿಮಳಾ?"

ಪ್ರವೀಣಕುಮಾರ ಫೋನು ಚಾಚಿದರು. "ನೋಡಿ, ಜೀವ ಹೊಡ್ಕೊಳ್ಳಾಕತ್ತದ ಅಂತ ಬರ್ದಿದ್ದಾರೆ."

ದೇವಿಂದ್ರ ಬಗ್ಗಿ ಅದನ್ನು ಓದಿ ಹಗುರಾದ. "ಸಾಹೇಬ್ರ, ನಮ್ಮ ಕಡಿ ಇದು ಸಾಯೋ ಮಾತಲ್ರಿ! ಇದೊಂದರ ಮ್ಯಾಲೇ ನಾ ಒಂದ್ ಅಧ್ಯಾಯ ಬರದೀನಿ. ಯಾರರೇ ಮ್ಯಾಲ ಬಾಳ ಪ್ರೀತಿ ಇದ್ದು, ಅವರು ಕಣ್ಣಿಗಿ ಬೀಳಲಾರದಾಗ ಒಳಗ ಚಡಪಡಸ್ತದಲ್ರಿ, ಅದಕ್ಕ..."

ಮಾತು ಅಲ್ಲಿಗೇ ನಿಂತಿತು. ಅವನು ಫೋನಿನ ಮೊದಲ ಸಾಲನ್ನು ಇನ್ನೊಮ್ಮೆ ಓದಿದ. ಜೀಪು ಕಂಡಾಗ ಬೆಚ್ಚಿದ್ದಕ್ಕಿಂತ ಈಗ ಹೆಚ್ಚು ಬೆಚ್ಚಿದ.

"ಯಾರು... ಬರಂಗಿಲ್ರಿ?"

ಓಣಿಯೆಲ್ಲ ಬಾಗಿಲಲ್ಲಿ ನೆರೆದಿತ್ತು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲವೆಂದು ತಿಳಿದಾಗ ಪರಿಮಳಾಳಿಗೆ ಎಲ್ಲಿಲ್ಲದ ಧೈರ್ಯ ಬಂತು. "ಅಧ್ಯಾಯ ಬರದೀರಿ. ಎದುರಿಗಿ ಕುಂತಾಕಿ ಮಾರಿ ಓದಾಕ ಬರಲಿಲ್ಲೇನ್ರಿ?"

"ಓದಿದ್ನೆರಿ," ಎಂದ ಅವನು, ತೊಳೆಯದ ಕೈ ಹಾಗೇ ಹಿಡಿದುಕೊಂಡು. "ನನಗೂ ಜೀವ ಹೊಡ್ಕೋತಿತ್ತು. ಅದಕ್ಕ ಆ ಅಧ್ಯಾಯ ಅಷ್ಟುದ್ದ ಆಗ್ಯದ. ನಿಮ್ಮ ಮುಂದ ಹ್ಯಾಂಗ ಹೇಳ್ಬೇಕಂತ ಯಾ ಪುಸ್ತಕದಾಗೂ ಇರಲಿಲ್ಲ."

"ವಿಡಿಯೋದಾಗ ಇತ್ರಿ."

ಪ್ರವೀಣಕುಮಾರ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆ ಮೇಡಂಗೆ ನಾನೀಗ ಏನಂತ ಹೇಳ್ಲಿ?"

"ಲಗ್ನಕ್ಕ ಬರ್ರಿ ಅಂತ ಹೇಳ್ರಿ," ಎಂದಳು ಬಸ್ಸಮ್ಮ, ಕಣ್ಣೊರೆಸಿಕೊಂಡು ಏಳುತ್ತ. "ನೀವೂ ಕೈ ತೊಳಕೊಂಡು ಉಣ್ಣಾಕ ಕುಂದರ್ರಿ."

ಇಷ್ಟು ಹೇಳಿ ಶಿವಬಸಮ್ಮ ಮತ್ತೆ ಶ್ಯಾವಿಗೆಗೆ ಕೈ ಹಾಕಿದರು.

"ಖರೇನೇನ್ ಯಕ್ಕಾ?" ಎಂದಳೊಬ್ಬಳು.

"ಜೀಪು ಬಂದಾಗ ನಾ ಮನ್ಯಾಗ ಕುಂತಿದ್ನೇನ? ಮುಂದಿನ ಸಾಲಿನ್ಯಾಗ ನಿಂತಿದ್ನೆವ್ವಾ!"

ಹೆಂಗಸರು ನಗುತ್ತ ಸೆರಗಿನ ಹಿಟ್ಟು ಕೊಡವಿ ಎದ್ದರು. ಬಿಸಿಲು ಇಳಿದಿದ್ದ ಓಣಿಯಲ್ಲಿ ತಮ್ಮ ತಮ್ಮ ಮನೆಗೆ ನಡೆದರು.