ಕಲ್ಲುಗುಪ್ಪೆಗೆ ಮೂರು ಸುತ್ತು

ಗಾಂಧಿ ಬಜಾರಿನ ಹೂವಿನಂಗಡಿಗಳ ಮೇಲಿನ ಮಹಡಿಯಲ್ಲಿ ನಂದೀಶನ ಚಾರಣದ ಆಫೀಸು. ಮೇಜಿನ ಮೇಲೆ ಪೇರು ದೇಶದ ನಕ್ಷೆ ಹರಡಿ, ಮೂಲೆಗಳು ಮೇಲೇಳದಂತೆ ಕಾಫಿ ಲೋಟಗಳನ್ನಿಟ್ಟಿದ್ದ.

"ಇಲ್ನೋಡಿ ಮಿಸ್. ಕುಸ್ಕೊ ಊರಿಂದ ಜೀಪು. ಆಮೇಲೆ ನಡಿಗೆ. ಮೊದಲು ನದಿ ಕಣಿವೆಗೆ ಇಳೀಬೇಕು, ಮತ್ತೆ ಹತ್ತಬೇಕು, ಹದಿನಾಲ್ಕು ಸಾವಿರ ಅಡಿಯ ಈ ಘಟ್ಟದ ನೆತ್ತಿ ದಾಟ್ಬೇಕು. ಆ ಕಡೆ ಇಳಿದ್ರೆ ಕೊಂಡೋರ್‌ಪಾತ. ಇಂಕಾ ಜನ ಕಟ್ಟಿ, ಬಿಟ್ಟುಹೋದ ಊರು. ಬಸ್ಸಿಲ್ಲ, ಟ್ರೈನಿಲ್ಲ. ಕಾಲಲ್ಲೇ ಹೋಗ್ಬೇಕು, ಕಾಲಲ್ಲೇ ಬರ್ಬೇಕು."

"ಬರ್ತೀವಿ ಬಿಡೋ," ಅಂದರು ಕಮಲಮ್ಮ.

ಕಮಲಮ್ಮ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಮಿಸ್ ಆಗಿದ್ದವರು. ನಂದೀಶನನ್ನೂ ಮೈದಾನದ ಸುತ್ತ ಓಡಿಸಿದವರೇ. ನಿವೃತ್ತರಾಗಿ ಆರು ವರ್ಷವಾದರೂ ಬೆನ್ನಿನ ಚೀಲದಲ್ಲಿ ಭಾರಕ್ಕೆಂದು ರಾಗಿ ಹಿಟ್ಟಿನ ಪೊಟ್ಟಣಗಳನ್ನು ತುಂಬಿಕೊಂಡು ದಿನಾ ಬೆಳಿಗ್ಗೆ ಹನುಮಂತನಗರದ ಗುಡ್ಡದ ಮೆಟ್ಟಿಲು ಹತ್ತಿಳಿಯುತ್ತಿದ್ದರು. ಮಗ ಶಶಿಕುಮಾರ್ ತಿಂಗಳುಗಟ್ಟಲೆ ಬೇಡವೆಂದು ಹಟ ಹಿಡಿದು, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ: ಜೊತೆಗೆ ತನ್ನ ಹೆಂಡತಿ ವಾಣಿ ಹೋಗಬೇಕು.

ವಾಣಿಯನ್ನು ಯಾರೂ ಕೇಳಲಿಲ್ಲ. ಅಟ್ಟದ ಧೂಳು ಹೊಡೆಯಲು ಸ್ಟೂಲು ಹತ್ತಿದರೂ ಭಯಕ್ಕೆ ಗೋಡೆ ತಬ್ಬಿಕೊಳ್ಳುವ ಹೆಂಗಸು ಅವಳು. "ಅಮ್ಮನ್ನ ಹುಷಾರಾಗಿ ವಾಪಸ್ ಕರ್ಕೊಂಡು ಬಾ, ಅಷ್ಟೇ ನಾನು ಕೇಳೋದು," ಅಂದಿದ್ದ ಶಶಿಕುಮಾರ್ ವಿಮಾನ ನಿಲ್ದಾಣದಲ್ಲಿ. ಅವಳು ತಲೆಯಾಡಿಸಿದ್ದಳು.

ನಡಿಗೆಯ ಮೊದಲ ಎರಡು ದಿನ ದಾರಿ ಕಣಿವೆಯ ತಳ ಮುಟ್ಟಿ ಮತ್ತೆ ಮೇಲೇರಿತು. ತಳದಲ್ಲಿ ಕಳ್ಳಿಗಿಡ, ಸೆಖೆ, ಕಚ್ಚಿದರೆ ರಕ್ತ ಬರುವ ಪುಟ್ಟ ನೊಣ. ಮೇಲೆ ಹೋದಂತೆ ಪಾಚಿ ಹೊದ್ದ ಗಿಡ್ಡ ಮರಗಳು, ಕೊಂಬೆಕೊಂಬೆಗೂ ಕೆಂಪು ಸೀತಾಳೆ ಹೂ. ಅದನ್ನೂ ದಾಟಿದ ಮೇಲೆ ಮರವೆಂಬುದೇ ಇಲ್ಲ; ಗಾಳಿಗೆ ಒಂದೇ ಕಡೆ ಬಾಗಿದ ಒರಟು ಹಳದಿ ಹುಲ್ಲು, ಅದರಾಚೆ ಹಿಮದ ಶಿಖರ, ಶಿಖರದ ಮುಂದೆ ರೆಕ್ಕೆ ಅಲುಗಿಸದೆ ತೇಲುವ ದೊಡ್ಡ ರಣಹದ್ದು. ಆ ನೋಟಕ್ಕೆ ವಾಣಿ ಒಂದು ಗಳಿಗೆ ತನ್ನ ಭಯ ಮರೆತಳು.

ಮಾರ್ಗದರ್ಶಿಯ ಹೆಸರು ಸಾಂತೋಸ್. ಆ ಬೆಟ್ಟದ ಕಡೆಯವನೇ, ಮಾತು ಕಡಿಮೆ. ಪ್ರತಿ ಬೆಳಿಗ್ಗೆ ಬಟ್ಟೆಯ ಗಂಟು ಬಿಚ್ಚಿ ಎಲ್ಲರಿಗೂ ಕೋಕಾ ಎಲೆ ಹಂಚುತ್ತಿದ್ದ; ಎತ್ತರದ ಸುಸ್ತಿಗೆ ಅಲ್ಲಿಯವರ ಮದ್ದು ಅದು. ಕಮಲಮ್ಮ ಎಲೆಯನ್ನು ತೊಡೆಗೆ ಒರೆಸಿ, "ಸುಣ್ಣ ಎಲ್ಲೋ ಮಾರಾಯ?" ಎಂದು ಕನ್ನಡದಲ್ಲೇ ಕೇಳಿದರು. ಅವನು ಅರ್ಥವಾದವನಂತೆ ಬೂದಿಯ ಉಂಡೆಯೊಂದನ್ನು ತೆಗೆದುಕೊಟ್ಟ. ಅವತ್ತಿನಿಂದ ಇಬ್ಬರಿಗೂ ಗಳಸ್ಯಕಂಠಸ್ಯ.

ಮೂರನೆಯ ದಿನ ಘಟ್ಟದ ನೆತ್ತಿ ಮುಟ್ಟುವ ಹೊತ್ತಿಗೆ ಮೋಡ ಇಳಿದಿತ್ತು. ಊರಿನಿಂದ ನಂದೀಶನೇ ಕರೆತಂದಿದ್ದ ತಂಡದ ನಾಲ್ಕನೆಯವನಾದ ಅಭಿರಾಮ ತಲೆ ಹಿಡಿದುಕೊಂಡು ಕುಳಿತು ವಾಂತಿ ಮಾಡಿಕೊಂಡ. ಎತ್ತರ ಅವನಿಗೆ ಒಗ್ಗಿರಲಿಲ್ಲ. ತಕ್ಷಣ ಕೆಳಗಿಳಿಸಬೇಕು ಅಂದ ಸಾಂತೋಸ್. ಅವನನ್ನು ಸಾಮಾನು ಹೊತ್ತಿದ್ದ ಹೇಸರಗತ್ತೆಯ ಮೇಲೆ ಕೂರಿಸಿದರು.

"ಮಿಸ್, ನಾವು ಮುಂದೆ ಇರ್ತೀವಿ. ಇಲ್ಲಿಂದ ದಾರಿ ಒಂದೇ, ನೆಟ್ಟಗೆ. ಹಿಂದೇನೆ ಬಂದ್ಬಿಡಿ," ಎಂದು ನಂದೀಶ್ ಕತ್ತೆಯ ಪಕ್ಕದಲ್ಲಿ ಹೆಜ್ಜೆ ಹಾಕಿದ.

ನೆತ್ತಿಯ ಮೇಲೆ ಎದೆಯೆತ್ತರದ ಕಲ್ಲುಗುಪ್ಪೆ ಇತ್ತು. ದಾಟುವವರೆಲ್ಲ ಬೆಟ್ಟಕ್ಕೆ ಗೌರವವೆಂದು ಒಂದೊಂದು ಕಲ್ಲು ಇಟ್ಟು ಬೆಳೆದದ್ದು. ಕಮಲಮ್ಮ ಕಲ್ಲಿಟ್ಟರು. ಚಪ್ಪಲಿ ಬಿಡುವ ಅಭ್ಯಾಸಕ್ಕೆ ಶೂ ಕಡೆ ನೋಡಿ, ಚಳಿಗೆ ಹೆದರಿ ಸುಮ್ಮನಾದರು. ಕೈಮುಗಿದು ಬಲಗಡೆಯಿಂದ ಸುತ್ತಲು ಶುರುಮಾಡಿದರು.

"ಅತ್ತೆ, ಅವರು ಹೋಗ್ತಿದಾರೆ."

"ಮೂರು ಸುತ್ತು ಕಣೇ. ಇಷ್ಟು ದೂರ ಬಂದು ಪ್ರದಕ್ಷಿಣೆ ಹಾಕದೇ ಹೋಗೋದಾ? ಬಾ ನೀನೂ."

ವಾಣಿ ಹಿಂಬಾಲಿಸಿದಳು. ಮೂರನೆಯ ಸುತ್ತು ಮುಗಿಯುವಾಗ ಮೋಡ ಎಷ್ಟು ದಟ್ಟವಾಗಿತ್ತೆಂದರೆ ತನ್ನ ಚಾಚಿದ ಕೈಯೇ ಅವಳಿಗೆ ಮಸುಕಾಗಿ ಕಂಡಿತು. ಕಾಲಡಿ ಒಂದು ದಾರಿ ಇತ್ತು. ಇಳಿಯುತ್ತಿತ್ತು. ಇಬ್ಬರೂ ಅದನ್ನೇ ಹಿಡಿದರು.

ಕತ್ತೆಯ ಲದ್ದಿ ಎಲ್ಲೂ ಕಾಣಲಿಲ್ಲ. ಅದನ್ನು ವಾಣಿ ಗಮನಿಸಿದ್ದು ಬಹಳ ಹೊತ್ತಿನ ಮೇಲೆ. ಆಗಲೇ ದಾರಿ ಕರಗಿ ಹೋಗಿ ಬರೀ ಇಳಿಜಾರು ಹುಲ್ಲು ಉಳಿದಿತ್ತು.

"ಅತ್ತೆ, ನಿಲ್ಲಿ. ಇದು ದಾರಿಯಲ್ಲ. ಸುತ್ತೋದ್ರಲ್ಲಿ ದಿಕ್ಕು ತಪ್ಪಿದೀವಿ."

ತಿರುಗಲು ಹೋದ ಕಮಲಮ್ಮನ ಕಾಲು ಒದ್ದೆ ಹುಲ್ಲಿನ ಮೇಲೆ ಜಾರಿತು.

ಕೂಗಲಿಲ್ಲ. ಕೂತಲ್ಲೇ ಜಾರಿದರು, ವೇಗವಾಗಿ ಜಾರಿದರು, ಬಿಳಿಯೊಳಗೆ ಮಾಯವಾದರು. ಧೊಪ್ಪೆಂದು ಸದ್ದು.

"ಅತ್ತೇ!"

"ಇದೀನಿ," ಎಂದು ಕೆಳಗಿನಿಂದ ಧ್ವನಿ ಬಂತು. "ಮಂಡಿ ಹೋಯ್ತು ಕಣೇ. ನೀನು ಬರ್ಬೇಡ."

ವಾಣಿ ಹುಲ್ಲು ಹಿಡಿದು ಹಿಂದುಹಿಂದಾಗಿ ತೆವಳಿದಳು. ಅಂಚು ಸಿಕ್ಕಿತು. ಕೆಳಗೆ ಏನೂ ಕಾಣದು. ಕಣ್ಣು ಮುಚ್ಚಿ ನೇತಾಡಿ, ಕೈಬಿಟ್ಟಳು.

ಮೆತ್ತನೆಯ ಮಣ್ಣಿನ ಮೇಲೆ ಬಿದ್ದಳು. ಕಮಲಮ್ಮ ಕಾಲು ಹಿಡಿದುಕೊಂಡು ಕೂತಿದ್ದರು. "ಬರ್ಬೇಡ ಅಂದ್ನಲ್ಲ! ಈಗ ಇಬ್ಬರೂ ಸಿಕ್ಕೊಂಡ್ವಿ."

ಅದು ಬೆಟ್ಟದ ಮೈಗೆ ಗೋಡೆ ಕಟ್ಟಿ ಮಾಡಿದ ಮೆಟ್ಟಿಲು ಹೊಲ. ಇಂಕಾ ಜನರ ಕಾಲದ್ದು. ಯಾವತ್ತೋ ಆಲೂಗಡ್ಡೆ ಬೆಳೆದ ನೆಲ, ಈಗ ಕಾಡು ಹುಲ್ಲು. ಬೆನ್ನಿಗೆ ಎರಡಾಳೆತ್ತರಕ್ಕೆ ಸ್ವಲ್ಪ ಕಡಿಮೆ ಇರುವ ಕಲ್ಲುಗೋಡೆ. ಕಲ್ಲಿಗೆ ಕಲ್ಲು ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಉಗುರು ಇಡಲೂ ಸಂದಿಲ್ಲ. ವಾಣಿ ಎಡಕ್ಕೆ ಹೋದಳು. ಭೂಕುಸಿತ ನೆಲವನ್ನು ಕಚ್ಚಿಕೊಂಡು ಹೋಗಿತ್ತು. ಬಲಕ್ಕೆ ಹೋದಳು, ಅಲ್ಲೂ ಹಾಗೇ. ಮುಂದಿನ ಅಂಚಿನಲ್ಲಿ ಕಲ್ಲೊಂದು ಒದ್ದಳು. ಅದು ಕೆಳಗೆ ಬಿದ್ದ ಸದ್ದೇ ಬರಲಿಲ್ಲ.

ನಮ್ಮ ಮನೆಯ ಹಜಾರದಷ್ಟು ಅಗಲ, ಅಂದುಕೊಂಡಳು. ಬಾಗಿಲಿಲ್ಲದ ಹಜಾರ.

ಕಮಲಮ್ಮ ಕೊರಳಲ್ಲಿದ್ದ ವಿಶಲ್ ಊದಿದರು. ಎದುರು ಕಣಿವೆಯಿಂದ ಉತ್ತರ ಬಂತು.

"ನೋಡು! ಅಲ್ಲಿದಾರೆ!"

ಮತ್ತೆ ಊದಿದರು. ಮತ್ತೆ ಅಷ್ಟೇ ಉದ್ದದ ಉತ್ತರ. ಇಬ್ಬರಿಗೂ ಏಕಕಾಲಕ್ಕೆ ಹೊಳೆಯಿತು, ಅದು ಅವರದೇ ಸದ್ದು. ಎದುರಿನ ಬೆಟ್ಟ ಅದನ್ನು ಅವರಿಗೇ ವಾಪಸು ಕೊಡುತ್ತಿತ್ತು.

"ನನ್ನ ಹೆಗಲ ಮೇಲೆ ನಿಂತ್ಕೋ," ಅಂದರು ಕಮಲಮ್ಮ. "ಸ್ಕೂಲ್ ಡೇಗೆ ಎಷ್ಟು ಪಿರಮಿಡ್ ಮಾಡ್ಸಿದೀನಿ."

"ನಿಮ್ಮ ಮಂಡಿ?"

"ಒಂದೇ ಮಂಡಿ ಹೋಗಿರೋದು. ಹತ್ತು ಅಂದ್ರೆ ಹತ್ತು."

ವಾಣಿ ಹತ್ತಿದಳು. ಬೆರಳು ಗೋಡೆಯ ತುದಿಗೆ ಒಂದು ಗೇಣು ಕಡಿಮೆ ಬಿತ್ತು. ಕೆಳಗೆ ಕಮಲಮ್ಮನ ಕಾಲು ಮಡಿಯಿತು. ಇಬ್ಬರೂ ಉರುಳಿದರು, ಅಂಚಿನಿಂದ ಮಾರುದೂರದಲ್ಲಿ ನಿಂತರು.

ಆಮೇಲೆ ಆಲಿಕಲ್ಲು ಸುರಿಯಿತು.

ಗೋಡೆಗೆ ಒತ್ತಿ ಕೂತು ವಾಣಿ ಅತ್ತೆಯನ್ನು ತನ್ನ ಜಾಕೆಟ್ಟಿನೊಳಗೆ ಎಳೆದುಕೊಂಡಳು. ಊಟ, ಒಣ ಬಟ್ಟೆ, ಎಲ್ಲ ಕತ್ತೆಯ ಮೇಲೆ. ಅವರ ಒದ್ದೆ ಸಾಕ್ಸ್ ಕಳಚಿ, ಮಕ್ಕಳ ಪಾದ ಉಜ್ಜುವ ಹಾಗೆ ಅಂಗಾಲು ಉಜ್ಜಿದಳು. ಮೊದಲು ಕಮಲಮ್ಮ ಗದಗದ ನಡುಗುತ್ತಿದ್ದರು. ಆಮೇಲೆ ನಡುಕ ನಿಂತಿತು. ವಾಣಿಗೆ ಅದೇ ಹೆಚ್ಚು ಹೆದರಿಕೆಯಾಯಿತು.

"ನಿದ್ದೆ ಬರ್ತಿದೆ ಕಣೇ."

"ಮಲಗಬಾರದು ಅತ್ತೆ. ನಂದೀಶ್ ಹೇಳಿದ್ರಲ್ಲ, ಇಂಥ ಚಳೀಲಿ ಮಲಗಿದ್ರೆ ಏಳಲ್ಲ ಅಂತ."

"ಐದೇ ನಿಮಿಷ. ಸ್ಟವ್ ಆಫ್ ಮಾಡ್ಬಿಡು."

ಸ್ಟವ್! ವಾಣಿ ಗಾಬರಿಯಿಂದ ಎದ್ದಳು. ಕತ್ತಲಾಗಲು ಹೆಚ್ಚು ಹೊತ್ತಿರಲಿಲ್ಲ. ರಾತ್ರಿ ಇಲ್ಲೇ ಕಳೆದರೆ ಬೆಳಿಗ್ಗೆ ಶಶಿಗೆ ಏನು ಹೇಳುವುದು ಎಂಬ ಯೋಚನೆ ಬಂದು, ಅದನ್ನು ಅಲ್ಲೇ ಅದುಮಿದಳು. ಗಾಳಿ ತಡೆಯುವ ಪೊಟರೆಯೇನಾದರೂ ಇದೆಯೋ ಎಂದು ಗೋಡೆ ತಡವುತ್ತಾ ಹೊರಟಳು. ಪಾಚಿ, ಜಿಗುಟು ಬೇರು, ಜೋತುಬಿದ್ದ ಹುಲ್ಲು. ಅರ್ಧ ದಾರಿಯಲ್ಲಿ ಏನೋ ಸೊಂಟಕ್ಕೆ ಬಲವಾಗಿ ತಾಗಿತು.

ನೋವಿಗೆ ಬೈದುಕೊಂಡೇ ಹುಲ್ಲು ಸರಿಸಿದಳು. ಉದ್ದನೆಯ ಕಲ್ಲೊಂದು ಗೋಡೆಯಿಂದ ಮೊಳದಷ್ಟು ಹೊರಗೆ ಚಾಚಿಕೊಂಡಿತ್ತು.

ಚಾಮರಾಜಪೇಟೆಯ ತವರುಮನೆಯ ಹಿತ್ತಲಿನ ಬಾವಿ ಕಣ್ಣಿಗೆ ಕಟ್ಟಿತು. ಒಳಗೋಡೆಯಲ್ಲಿ ಇಂಥವೇ ಕಲ್ಲು, ಒಂದಕ್ಕಿಂತ ಒಂದು ಕೆಳಗೆ. ಹೂಳು ತೆಗೆಯುವವರು ಅವುಗಳ ಮೇಲೆ ಕಾಲಿಟ್ಟು ಸರಾಗವಾಗಿ ಇಳಿಯುತ್ತಿದ್ದರು. ಬಗ್ಗಿ ನೋಡಿದ್ದಕ್ಕೇ ಅವಳಿಗೆ ಏಟು ಬಿದ್ದಿತ್ತು.

ಒಂದೇ ಕಲ್ಲು ಯಾರೂ ಚಾಚಿ ಬಿಡುವುದಿಲ್ಲ.

ಬಲಕ್ಕೆ, ಎದೆಯೆತ್ತರದಲ್ಲಿ ಪಾಚಿ ಕಿತ್ತಳು. ಇತ್ತು! ಎಡಕ್ಕೆ ತಗ್ಗಿನಲ್ಲಿ ಇನ್ನೊಂದು. ಮೊದಲೆರಡನ್ನು ಏರಿ ನಿಂತು ಮೇಲೆ ತಡವಿದಳು. ಮುಂದಿನದು ಮುರಿದು ಮೋಟಾಗಿತ್ತು, ಅದರ ಮುಂದಿನದು ಗಟ್ಟಿ. ಹೊಲದಿಂದ ಹೊಲಕ್ಕೆ ಹತ್ತಲು ಗೋಡೆಯಲ್ಲೇ ಓರೆಯಾಗಿ ಇಟ್ಟ ಮೆಟ್ಟಿಲು.

ಒಬ್ಬಳೇ ಹತ್ತಿ ಹೋಗಿ ಸಹಾಯ ತರಬಹುದಿತ್ತು. ಆದರೆ ಈ ಮೋಡದಲ್ಲಿ ಮತ್ತೆ ಇದೇ ಜಾಗ ಸಿಗುತ್ತದೆಂದು ಯಾರು ಹೇಳುತ್ತಾರೆ? ಅವಳು ಅತ್ತೆಯ ಬಳಿ ಓಡಿದಳು.

"ಅತ್ತೆ, ಏಳಿ. ದಾರಿ ಇದೆ."

ಕಣ್ಣು ತೆರೆಯಲಿಲ್ಲ. ಕೆನ್ನೆ ತಟ್ಟಿದಳು, ಅಲುಗಿಸಿದಳು. ತಲೆ ವಾಲಿತು.

ವಾಣಿ ಎದ್ದು ನಿಂತಳು. ಎದೆ ತುಂಬ ಉಸಿರೆಳೆದುಕೊಂಡು, ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಎಂದೂ ಎತ್ತದ ದನಿಯಲ್ಲಿ ಗದರಿದಳು. "ಏಯ್ ಕಮಲಾ! ಏನೇ ನಿದ್ದೆ ಅದು? ಎದ್ದು ಲೈನಲ್ಲಿ ನಿಲ್ಲೇ!"

ಕಮಲಮ್ಮನ ಕಣ್ಣು ಪಟ್ಟನೆ ತೆರೆಯಿತು.

"ಯಾ... ಯಾರನ್ನೇ ಹಾಗೆ ಕರೀತಿದೀಯ?"

"ನಿಮ್ಮನ್ನೇ. ಏಳ್ತೀರೋ, ಇನ್ನೊಂದ್ಸಲ ಕರೀಲೋ?"

"ಊರಿಗೆ ಹೋಗೋಣ, ನಿನಗಿದೆ," ಎಂದು ಕಮಲಮ್ಮ ಗೋಡೆ ಹಿಡಿದು ಎದ್ದರು. ಕೋಪಕ್ಕೆ ಮುಖದಲ್ಲಿ ಅಷ್ಟಿಷ್ಟು ರಕ್ತ ಬಂದಿತ್ತು.

ವಾಣಿ ಅವರನ್ನು ಮುಂದೆ ಬಿಟ್ಟು, ಕೆಳಗಿನ ಕಲ್ಲಿನಲ್ಲಿ ತಾನು ನಿಂತಳು. ಅವರ ಶೂ ಹಿಡಿದು ಒಂದೊಂದೇ ಕಲ್ಲಿನ ಮೇಲೆ ಇಟ್ಟಳು. "ಎಡಗಾಲು. ಭಾರ ಬಿಡಿ. ಗೋಡೆಗೆ ಎದೆ ಒತ್ತಿ. ಈಗ ನೋಯೋ ಕಾಲು ಎಳ್ಕೊಳ್ಳಿ."

"ಆಗಲ್ಲ."

"ಯಾರು ಹೇಳಿದ್ದು ಆಗಲ್ಲ ಅಂತ?"

ಮುರಿದ ಕಲ್ಲಿನ ಹತ್ತಿರ ಬೇರೆ ದಾರಿಯಿರಲಿಲ್ಲ. ವಾಣಿ ಆ ಮೋಟಿನ ಮೇಲೆ ಒಂದು ಕಾಲಿಟ್ಟು, ತನ್ನ ಭುಜವನ್ನೇ ಮೆಟ್ಟಿಲು ಮಾಡಿದಳು. ಕಮಲಮ್ಮನ ಇಡೀ ತೂಕ ಇಳಿಯಿತು. ಮೂಳೆ ಕಿರುಗುಟ್ಟಿದ ಹಾಗಾಯಿತು. ಅವಳು ಗೋಡೆಯ ಪಾಚಿಯನ್ನಷ್ಟೇ ನೋಡಿದಳು, ಕೆಳಗೆ ನೋಡಲಿಲ್ಲ.

ಭುಜ ಹಗುರಾಯಿತು. ಮೇಲಿನಿಂದ ಒಂದು ಕೈ ಬಂದು ಅವಳ ಕಾಲರ್ ಹಿಡಿಯಿತು. "ಬಾ. ಹಿಡ್ಕೊಂಡಿದೀನಿ."

ಹುಲ್ಲಿನ ಇಳಿಜಾರನ್ನು ಇಬ್ಬರೂ ತೆವಳಿಕೊಂಡೇ ಏರಿದರು. ಬುಡ ಗಟ್ಟಿಯಾಗಿರುವ ಹುಲ್ಲನ್ನು ವಾಣಿ ಎಳೆದು ನೋಡಿ ಹೇಳುವುದು, ಕಮಲಮ್ಮ ಹಿಡಿಯುವುದು. ಇಳಿಜಾರಿನ ಮೇಲ್ತುದಿ ತಲುಪಿದಾಗ ಗಾಳಿ ಮೋಡವನ್ನು ಹರಿದಿತ್ತು. ಕಮಲಮ್ಮ ವಿಶಲ್ ಊದಿದರು. ಈ ಸಲ ಬಂದದ್ದು ಮನುಷ್ಯನ ಕೂಗು. ಅಭಿರಾಮನನ್ನು ಕೆಳಗೆ ಡೇರೆಯಲ್ಲಿ ಮಲಗಿಸಿ, ಹಗ್ಗ ಹೆಗಲಿಗೇರಿಸಿಕೊಂಡು ಸಾಂತೋಸ್ ಓಡಿ ಬರುತ್ತಿದ್ದ, ಹಿಂದೆ ಅಳುಮುಖದ ನಂದೀಶ್.

"ಮಿಸ್, ನಿಮ್ಮನ್ನ ಬಿಟ್ಟು ಹೋಗ್ಬಾರ್ದಿತ್ತು. ನಂದೇ ತಪ್ಪು."

"ಪ್ರದಕ್ಷಿಣೆ ನಂದು ಕಣೋ. ಮೊದಲು ಏನಾದ್ರೂ ಬಿಸಿ ಕೊಡು."

ಮರುದಿನ ಕೊಂಡೋರ್‌ಪಾತ ಕಂಡರು, ಕಮಲಮ್ಮ ಹೇಸರಗತ್ತೆಯ ಮೇಲಿಂದಲೇ. ಕಾಡು ಅರ್ಧ ನುಂಗಿದ ಮನೆಗಳು, ಸೂರಿಲ್ಲದ ಗೋಡೆಗಳು, ಇನ್ನೂ ನೀರು ಹರಿಯುವ ಕಲ್ಲಿನ ಕಾಲುವೆ. ತಲೆನೋವು ಇಳಿದಿದ್ದ ಅಭಿರಾಮ ಬೇಕಾದಷ್ಟು ಫೋಟೋ ತೆಗೆದ. ವಾಣಿ ಮಾತ್ರ ಒಂದು ಹೊಲದ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಅಲ್ಲೂ ಕಲ್ಲುಗಳು ಓರೆಯಾಗಿ ಚಾಚಿಕೊಂಡಿದ್ದವು. ಯಾರೋ ಹೆಂಗಸು ಬೆನ್ನಿಗೆ ಮಗು ಕಟ್ಟಿಕೊಂಡು ದಿನಾ ಹತ್ತಿದ್ದಿರಬೇಕು.

ವಾಪಸಿನ ದಾರಿಯುದ್ದಕ್ಕೂ ಅವರು ಹೇಸರಗತ್ತೆಯ ಮೇಲೇ. ಕೊನೆಯ ದಿನ, ಜೀಪು ಬರುವ ಹಳ್ಳಿಯ ಹೆಂಚುಗಳು ಕಂಡ ಕೂಡಲೇ ಹಟ ಹಿಡಿದರು.

"ಇಳಿಸ್ರೋ ನನ್ನ."

"ಇನ್ನೂ ದೂರ ಇದೆ ಅತ್ತೆ."

"ಕತ್ತೆ ಮೇಲೆ ಕೂರ್ಸಿ ಊರೊಳಗೆ ಮೆರವಣಿಗೆ ಮಾಡ್ಸೋ ಅಂಥದ್ದು ನಾನೇನು ಮಾಡಿದೀನಿ?"

"ಅದು ಕತ್ತೆಯಲ್ಲ ಮಿಸ್, ಹೇಸರಗತ್ತೆ," ಅಂದ ಅಭಿರಾಮ.

"ಅರ್ಧ ಕತ್ತೆ ತಾನೆ? ಇಳಿಸು."

ಸಾಂತೋಸನಿಗೆ ಏನೊಂದೂ ಅರ್ಥವಾಗಲಿಲ್ಲ. ಇಳಿಸಿದ. ಕಮಲಮ್ಮ ಕುಂಟುತ್ತಾ ನಿಂತು, ಸುತ್ತ ನೋಡಿ, ನಂದೀಶ್ ಚಾಚಿದ ಕೋಲನ್ನು ಬೇಡವೆಂದು ತಳ್ಳಿ ವಾಣಿಯ ಭುಜದ ಮೇಲೆ ಕೈಯಿಟ್ಟರು. ನೀಲಿಗಟ್ಟಿದ್ದ ಭುಜ ಚುರುಕ್ಕೆಂದಿತು. ವಾಣಿ ಅವರ ಸೊಂಟಕ್ಕೆ ಕೈ ಬಳಸಿ ಹೆಜ್ಜೆ ಹಾಕಿದಳು.

ಹಳ್ಳಿಯ ಹತ್ತಿರ ಸಿಗ್ನಲ್ ಸಿಕ್ಕಿ ಅವಳ ಫೋನು ಬಡಿದುಕೊಂಡಿತು. ಶಶಿಕುಮಾರ್.

"ಅಮ್ಮ ಹೇಗಿದಾರೆ ವಾಣಿ?"

"ನಡೀತಿದಾರೆ," ಅಂದಳು ವಾಣಿ. "ಆಮೇಲೆ ಮಾಡ್ತೀನಿ ರೀ. ಈಗ ನನ್ನ ಕೈ ಖಾಲಿ ಇಲ್ಲ."